ಮಲೆನಾಡಿಗೆ ಹಳೇ ಪಿಕಪ್: 2011ರ ಗಾಡಿ, 1,86,000 ಕಿಲೋಮೀಟರ್ ಓಡಿದೆ. ತಗೊಳ್ಳಬಹುದಾ?

ತೋಟದಮನೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಆಗುಂಬೆ ಕಡೆ ನಾಲ್ಕು ಎಕರೆ ಅಡಿಕೆ ತೋಟ. ಟಾರ್ ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಹಳ್ಳ. ಆರಿದ್ರಾ ಮಳೆ ಹಿಡಿದರೆ ಹಳ್ಳದಲ್ಲಿ ಮೊಣಕಾಲುದ್ದ ನೀರು. ಇಷ್ಟು ವರ್ಷ ಬಾಡಿಗೆ ಗಾಡಿಯಲ್ಲೇ ಕೆಲಸ ನಡೆಯುತ್ತಿತ್ತು. ಹೋದ ವರ್ಷ ಕೊಯ್ಲಿನ ಹೊತ್ತಿಗೆ ಮೂರು ದಿನ ಫೋನ್ ಮಾಡಿದರೂ ಒಂದೂ ಗಾಡಿ ಸಿಗಲಿಲ್ಲ. ಸುಲಿಯುವವರು ಬಂದು ಅಂಗಳದಲ್ಲಿ ಕೂತಿದ್ದರು, ಕೊಯ್ದ ಕೊನೆಗಳು ಕೆಳಗಿನ ತೋಟದಲ್ಲೇ ಬಿದ್ದಿದ್ದವು. ಅವತ್ತೇ ಸ್ವಂತ ಗಾಡಿ ತಗೊಳ್ಳಬೇಕು ಅಂತ ತೀರ್ಮಾನ ಮಾಡಿದೆ.

ಹೊಸದು ನನ್ನ ಕೈಗೆ ಎಟುಕುವುದಿಲ್ಲ. ಹೊಸನಗರದ ಹತ್ತಿರ ಒಂದು ಡೀಸೆಲ್ ಪಿಕಪ್ ನೋಡಿ ಬಂದೆ. 2011ರದ್ದು, ಕೆಎ 20 ನಂಬರ್. ಮೊದಲ ಓನರ್ ಕುಂದಾಪುರದ ಕಡೆಯವರು, ಈಗಿನವರು ಎರಡನೆಯವರು. 3 ಲಕ್ಷದ 20 ಸಾವಿರ ಹೇಳುತ್ತಿದ್ದಾರೆ. ಇಂಜಿನ್ ಬೋರ್ ಮಾಡಿಸಿ, ಅಂದರೆ ಸವೆದ ಸಿಲಿಂಡರ್ ಕೊರೆಸಿ ಸರಿ ಮಾಡಿಸಿ, ಆರು ತಿಂಗಳಾಗಿದೆಯಂತೆ. ನಾಲ್ಕೂ ಟೈರ್ ಹೊಸದು. ತಳಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ್ದಾರೆ, ಫಳಫಳ ಅನ್ನುತ್ತದೆ.

ಓಡಿಸಿ ನೋಡಿದೆ. ಏರು ಚೆನ್ನಾಗಿ ಹತ್ತುತ್ತದೆ. ಬ್ರೇಕ್ ಸ್ವಲ್ಪ ಗಟ್ಟಿ ಅನಿಸಿತು, ಆದರೆ ಹಿಡಿಯುತ್ತದೆ. ಬ್ರೇಕ್ ಒತ್ತಿದಾಗ ಒಂಚೂರು ಎಡಕ್ಕೆ ಎಳೆಯುತ್ತದೆ. ನನ್ನ ಪ್ರಶ್ನೆ ಇಷ್ಟೇ: 1,86,000 ಕಿಲೋಮೀಟರ್ ಅಂದರೆ ತುಂಬಾ ಜಾಸ್ತಿ ಆಯಿತಾ? ಇಂಜಿನ್ ಇನ್ನೆಷ್ಟು ವರ್ಷ ಬರಬಹುದು?

ಘಟ್ಟದ ಡ್ರೈವರ್, ಹೊಸನಗರ

ಕಿಲೋಮೀಟರ್ ಲೆಕ್ಕ ಬಿಡಿ ಅಣ್ಣಾ. ಗೂಡ್ಸ್ ಗಾಡಿಯಲ್ಲಿ ಮೀಟರ್ ಕೇಬಲ್ ಕಿತ್ತು ವರ್ಷಗಟ್ಟಲೆ ಓಡಿಸಿದವರು ಎಷ್ಟು ಜನ ಬೇಕು? ಕ್ಲಚ್ ಪೆಡಲ್ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದೆಯಾ, ಗೇರ್ ಲಿವರ್ ಗುಂಡಿ ಎಷ್ಟು ನುಣ್ಣಗಾಗಿದೆ ನೋಡಿ. ಸ್ಟೀರಿಂಗ್ ಎಷ್ಟು ಬೆರಳು ಆಡಿದ ಮೇಲೆ ಚಕ್ರ ತಿರುಗುತ್ತದೆ ನೋಡಿ. ಆ ಗಾಡಿ ಎಷ್ಟು ಓಡಿದೆ ಅಂತ ಅವೇ ಹೇಳುತ್ತವೆ.

ಇನ್ನೊಂದು. ಕುಂದಾಪುರದ ಕಡೆ ಏನು ಲೋಡ್ ಹೊಡೆಯುತ್ತಿತ್ತು ಅಂತ ಕೇಳಿದಿರಾ? ಅದನ್ನು ಮೊದಲು ಕೇಳಿ.

ಹಳೇ ಪಾನ, ಶಿವಮೊಗ್ಗ

ತಮ್ಮಾ, ನೀವು ಇಂಜಿನ್ ಬಗ್ಗೆ ಕೇಳಿದ್ದೀರಿ. ನನಗೆ ಭಯ ಆಗಿದ್ದು ಬೇರೆ ಮಾತುಗಳಿಗೆ. ಕೆಎ 20, ಹೊಸ ಕಪ್ಪು ಕೋಟಿಂಗ್, ಗಟ್ಟಿ ಬ್ರೇಕ್, ಎಡಕ್ಕೆ ಎಳೆತ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು 32 ವರ್ಷ ಶಿವಮೊಗ್ಗದಲ್ಲಿ ಗ್ಯಾರೇಜ್ ಕೆಲಸ ಮಾಡಿದವನು. ಜೀಪು, ಮೆಟಡಾರ್, ಆಮೇಲೆ ಪೂರ್ತಿ ಪಿಕಪ್‌ಗಳೇ. ಜಾಕಿ ಹಾಕಿ ಎತ್ತಿದರೆ ಸಾಕು, ಭದ್ರಾವತಿ ಕಡೆಯ ಗಾಡಿ ಯಾವುದು, ತೀರ್ಥಹಳ್ಳಿ ಕಡೆಯದು ಯಾವುದು ಅಂತ ನಂಬರ್ ಪ್ಲೇಟ್ ನೋಡದೆ ಹೇಳಬಹುದಿತ್ತು. ಅದರ ತಳದಲ್ಲಿ ಧೂಳು, ಇದರ ತಳದಲ್ಲಿ ತುಕ್ಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ. ಜೂನ್‌ನಲ್ಲಿ ಒದ್ದೆಯಾದ ಚಾಸಿ, ಅಂದರೆ ಇಡೀ ಗಾಡಿ ಹೊರುವ ತಳದ ಕಬ್ಬಿಣದ ಚೌಕಟ್ಟು, ಒಣಗುವುದು ದೀಪಾವಳಿಗೆ. ಮೇಲಿಂದ ನಮ್ಮ ಕೆಂಪು ಮಣ್ಣು ಮೂಲೆಮೂಲೆಗೆ ಮೆತ್ತಿಕೊಂಡು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇಂಜಿನ್ ಹೋದರೆ ಲೈನರ್, ಪಿಸ್ಟನ್, ರಿಂಗ್ ಎಲ್ಲ ಸಿಗುತ್ತವೆ. ಖರ್ಚು ಮಾಡಿದರೆ ಸರಿಹೋಗುತ್ತದೆ. ಚಾಸಿ ತಿಂದುಹೋದ ಗಾಡಿಗೆ ನಾನು ಯಾವತ್ತೂ ಧೈರ್ಯವಾಗಿ ಕೈ ಹಾಕಿದವನಲ್ಲ. ಬೆಸುಗೆ ಹಾಕಬಹುದು. ಆದರೆ ಬೆಸುಗೆಯ ಪಕ್ಕದ ಕಬ್ಬಿಣವೂ ತೆಳ್ಳಗಾಗಿರುತ್ತದೆ. ಲೋಡ್ ಹಾಕಿ ಹೊಂಡಕ್ಕೆ ಇಳಿಸಿದಾಗ ಬಿರುಕು ಅಲ್ಲಿಂದ ಶುರುವಾಗುತ್ತದೆ.

ಒಂದು ಸಂಗತಿ ಹೇಳುತ್ತೇನೆ. ಒಂದು ಸೋನೆ ಮಳೆಯ ದಿನ ಬ್ರೇಕ್ ಟೈಟ್ ಮಾಡಿಸಲು ಒಂದು ಪಿಕಪ್ ಬಂತು. ಹಿಂದಿನ ಚಕ್ರ ಬಿಚ್ಚಲು ಚಾಸಿಗೆ ಜಾಕಿ ಕೊಟ್ಟೆ. ಜಾಕಿ ಏರುತ್ತಿದೆ, ಗಾಡಿ ಏರುತ್ತಿಲ್ಲ. ಬಗ್ಗಿ ನೋಡಿದರೆ ಜಾಕಿಯ ತಲೆ ಚಾಸಿಯ ಒಳಗೇ ಹೋಗಿದೆ. ಒಣಗಿದ ಅಕ್ಕಿ ರೊಟ್ಟಿ ಮುರಿದ ಹಾಗೆ ಕಬ್ಬಿಣ ಪದರ ಪದರವಾಗಿ ಉದುರಿತು. ಹೊರಗಡೆ ಮಾತ್ರ ದಪ್ಪ ಕಪ್ಪು ಬಣ್ಣ, ನೋಡಿದರೆ ಹೊಸ ಗಾಡಿ. ಹಿಂದಿನ ದಿನ ಅದೇ ಗಾಡಿಯಲ್ಲಿ ನಾಟಿಗೆ ಹೆಂಗಸರನ್ನು ಕೂರಿಸಿಕೊಂಡು ಹೋಗಿದ್ದರಂತೆ. ಅದನ್ನು ಕೇಳಿ ನನಗೆ ಕೈ ನಡುಗಿತು. ಅದಕ್ಕೇ ಹೊಸ ಕೋಟಿಂಗ್ ಅಂದರೆ ನನಗೆ ಸಮಾಧಾನ ಆಗುವುದಿಲ್ಲ. ಗಾಡಿ ಹೊಸದಿದ್ದಾಗ ಹೊಡೆಸಿದ್ದರೆ ಸರಿ. ಮಾರುವ ಮುಂಚೆ ಹೊಡೆಸಿದ್ದಾರೆ ಅಂದರೆ ಒಳಗೆ ಏನಿದೆ ಅಂತ ನೋಡಲೇಬೇಕು.

ಕುಂದಾಪುರದ ಗಾಡಿ ಅಂದರೆ ಉಪ್ಪು ಗಾಳಿ ಹೇಗೂ ಇದ್ದೇ ಇರುತ್ತದೆ. ಮೀನಿನ ಲೋಡ್ ಹೊತ್ತಿದ್ದರೆ ಮುಗಿಯಿತು. ಐಸ್ ಕರಗಿದ ನೀರು ಮೀನಿನ ಉಪ್ಪಿನ ಜೊತೆ ಸೇರಿ ಘಟ್ಟ ಹತ್ತುವ ಅಷ್ಟು ಹೊತ್ತೂ ಚಾಸಿ ಮೇಲೆ ತೊಟ್ಟಿಕ್ಕುತ್ತದೆ. ಎಷ್ಟು ತೊಳೆದರೂ ಚಾಸಿಯ ಒಳಮಗ್ಗುಲಿಗೆ ಪೈಪಿನ ನೀರು ಹೋಗುವುದಿಲ್ಲ.

ನೋಡುವುದು ಹೇಗೆ ಅಂದರೆ, ಒಂದು ಗೋಣಿಚೀಲ, ಟಾರ್ಚ್, ಸಣ್ಣ ಪಾನ, ಸ್ಕ್ರೂಡ್ರೈವರ್ ತಗೊಂಡು ಹೋಗಿ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗೇರ್‌ನಲ್ಲಿ ಇಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಕೆಳಗೆ ಮಲಗಿ. ಜಾಕಿ ಒಂದನ್ನೇ ನಂಬಿ ಯಾವ ಕಾರಣಕ್ಕೂ ಕೆಳಗೆ ಹೋಗಬೇಡಿ. ಕ್ಯಾಬಿನ್ ಹಿಂದಿನಿಂದ ಶುರು ಮಾಡಿ ಕೊನೆಯವರೆಗೆ ಚಾಸಿಯನ್ನು ಪಾನದಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ತಿಂದುಹೋದದ್ದು ದಬ್ ಅನ್ನುತ್ತದೆ, ಹಲಸಿನಕಾಯಿ ಬೆಳೆದಿದೆಯಾ ಅಂತ ತಟ್ಟಿ ನೋಡುವಾಗ ಬರುತ್ತದಲ್ಲ, ಆ ತರ. ದಬ್ ಅಂದ ಕಡೆ ಸ್ಕ್ರೂಡ್ರೈವರ್ ಊರಿ ನೋಡಿ. ಮುಖ್ಯವಾಗಿ ಹಿಂದಿನ ಸ್ಪ್ರಿಂಗ್ ಪ್ಲೇಟ್ ಹಿಡಿದುಕೊಳ್ಳುವ ಹ್ಯಾಂಗರ್ ಚಾಸಿಗೆ ಕೂರುವ ಜಾಗ, ಕ್ಯಾಬಿನ್ ಮುಗಿದು ಹಿಂದಿನ ಬಾಡಿ ಶುರುವಾಗುವ ಸಂದು, ಡೀಸೆಲ್ ಟ್ಯಾಂಕ್ ಪಟ್ಟಿ. ಓನರ್ ಬೇಡ ಅಂದರೆ ವಾಪಸ್ ಬನ್ನಿ.

ಹಿಂದಿನ ಬಾಡಿಯ ರಬ್ಬರ್ ಮ್ಯಾಟ್ ಎತ್ತಿಸಿ ನೋಡಿ. ಅಡಿಕೆ ತೋಟದವರಾದ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ ಹಾಕಿ, ಕತ್ತಿ ಅದ್ದಿ ನೋಡುತ್ತೀರಿ ಅಲ್ವಾ? ಅಲಗು ಕೆಂಪಾದರೆ ಸುಣ್ಣ ಸಾಲದು ಅಂತ. ಆ ಕೆಂಪು ತಾಮ್ರ. ತುತ್ತದ ನೀರು ಕಬ್ಬಿಣವನ್ನು ಕರಗಿಸಿ ಆ ಜಾಗದಲ್ಲಿ ತಾಮ್ರ ಕೂರಿಸುತ್ತದೆ. ಪಿಕಪ್‌ನಲ್ಲಿ ತುತ್ತದ ಡ್ರಮ್ ತುಳುಕಿದರೆ, ಚೀಲ ಹರಿದು ಪುಡಿ ಬಿದ್ದರೆ ತಗಡಿಗೆ ಆಗುವುದೂ ಅದೇ. ಪೊಟ್ಯಾಷ್ ಚೀಲದ ಪುಡಿಯೂ ಕಡಿಮೆಯೇನಲ್ಲ, ಉಪ್ಪಿನ ಜಾತಿ, ಗಾಳಿಯ ತೇವ ಎಳೆದುಕೊಂಡು ಕೂರುತ್ತದೆ. ನೀವು ಯಾವ ಗಾಡಿ ತಗೊಂಡರೂ ಔಷಧಿ ಹೊಡೆದ ದಿನ ಸಂಜೆಯೇ ಬಾಡಿ ತೊಳೆದುಬಿಡಿ. ನಾಳೆ ಅನ್ನಬೇಡಿ.

ಇನ್ನು ಬ್ರೇಕ್. ಕಾಲಿನ ಒತ್ತಿಗೆ ಬಲ ಸೇರಿಸುವ ಬೂಸ್ಟರ್ ಒಳಗಿನ ಗಾಳಿಯನ್ನು ಪೆಟ್ರೋಲ್ ಇಂಜಿನ್ ತಾನೇ ಹೊರಗೆ ಎಳೆದುಕೊಳ್ಳುತ್ತದೆ. ಡೀಸೆಲ್‌ನಲ್ಲಿ ಆ ಎಳೆತ ಇಲ್ಲ, ಅದಕ್ಕೇ ಬೇರೆ ವ್ಯಾಕ್ಯೂಮ್ ಪಂಪ್ ಇರುತ್ತದೆ. ಹಳೇ ಪಿಕಪ್‌ಗಳಲ್ಲಿ ಹೆಚ್ಚಾಗಿ ಅದು ಡೈನಮೋ ಬೆನ್ನಿಗೇ ಇರುತ್ತದೆ. ಅದು ಸವೆದರೆ, ಹೋಸ್ ಬಿರುಕು ಬಿಟ್ಟರೆ, ಬೂಸ್ಟರ್ ಒಳಗಿನ ರಬ್ಬರ್ ಹರಿದರೆ ಪೆಡಲ್ ಕಲ್ಲಾಗುತ್ತದೆ. ಖಾಲಿ ಗಾಡಿ ಹೇಗೋ ನಿಲ್ಲುತ್ತದೆ. ಒಂದು ಟನ್ ಹಾಕಿ ಇಳಿಜಾರಿಗೆ ಬಿಟ್ಟರೆ ನಿಮ್ಮ ಕಾಲಿನ ಬಲ ಸಾಲುವುದಿಲ್ಲ. ಪರೀಕ್ಷೆ ಸುಲಭ. ಇಂಜಿನ್ ಆಫ್ ಮಾಡಿ ಪೆಡಲ್ ನಾಲ್ಕೈದು ಸಲ ತುಳಿಯಿರಿ, ಗಟ್ಟಿಯಾಗುತ್ತದೆ. ಕಾಲು ಅಲ್ಲೇ ಒತ್ತಿಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಈ ಮೂರರಲ್ಲಿ ಒಂದು ಕೆಟ್ಟಿದೆ.

ಇದೇ ಕಾರಣಕ್ಕೆ ಡೀಸೆಲ್ ಉಳಿಸಲು ಘಟ್ಟದಲ್ಲಿ ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎರಡು ಮೂರು ಸಲ ತುಳಿಯುವಷ್ಟರಲ್ಲಿ ಬೂಸ್ಟರ್ ಖಾಲಿ. ಹತ್ತಿದ ಗೇರ್‌ನಲ್ಲೇ ಇಳಿಯಬೇಕು. ಬ್ರೇಕ್ ಆಯಿಲ್ ಕೂಡ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಅದು ಗಾಳಿಯಿಂದ ತೇವ ಹೀರುತ್ತದೆ. ನಮ್ಮ ಕಡೆ ಗಾಳಿಯಲ್ಲಿ ತೇವಕ್ಕೆ ಬರವೇ? ಘಟ್ಟದಲ್ಲಿ ಬ್ರೇಕ್ ಕಾದಾಗ ಆ ನೀರು ಕುದಿದು ಆವಿಯಾಗುತ್ತದೆ, ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ.

ಎಡಕ್ಕೆ ಎಳೆಯುವುದು ಬ್ರೇಕ್ ಒತ್ತಿದಾಗ ಮಾತ್ರ ಅಂದರೆ ಬಲಗಡೆಯದು ಸರಿಯಾಗಿ ಹಿಡಿಯುತ್ತಿಲ್ಲ. ಪ್ಯಾಡ್ ಒತ್ತುವ ಕ್ಯಾಲಿಪರ್ ಜಾಮ್ ಆಗಿರಬಹುದು, ಆಯಿಲ್ ಸೋರಿ ಪ್ಯಾಡ್ ನೆನೆದಿರಬಹುದು. ಸುಮ್ನೆ ಹೋಗುವಾಗಲೂ ಎಳೆದರೆ ಹಿಂದಿನ ಪ್ಲೇಟಿನ ಸೆಂಟರ್ ಬೋಲ್ಟ್ ನೋಡಿ. ಅದು ತುಂಡಾದರೆ ಹಿಂದಿನ ಆಕ್ಸಲ್ ಹೌಸಿಂಗ್ ಜರುಗಿ ಗಾಡಿ ಓರೆಯಾಗಿ ನಡೆಯುತ್ತದೆ. ಪ್ಲೇಟ್ ಎಷ್ಟಿವೆ ಎಣಿಸಿ. ಕಂಪನಿ ಕೊಟ್ಟದ್ದಕ್ಕಿಂತ ಜಾಸ್ತಿ ಹಾಕಿಸಿದ್ದರೆ ಆ ಗಾಡಿ ಓವರ್‌ಲೋಡ್ ಹೊತ್ತಿದೆ.

ಇಂಜಿನ್ ಬಗ್ಗೆ ಚಿಕ್ಕದಾಗಿ. ಬೆಳಿಗ್ಗೆ ತಣ್ಣಗಿರುವಾಗ ಹೋಗಿ, ನೀವು ಹೋಗುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಡಿ. ಹೋದ ಕೂಡಲೇ ಇಂಜಿನ್ ಮುಟ್ಟಿ ನೋಡಿ. ಸ್ಟಾರ್ಟ್ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ, ಅಲ್ಲಿ ಬುಸುಬುಸು ಹೊಗೆ ಬಂದರೆ ರಿಂಗ್ ಸವೆದಿದೆ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಡೀಸೆಲ್ ನಾಜಲ್ ಅಥವಾ ಡೀಸೆಲ್ ಪಂಪ್ ಕಡೆಯದು, ಕೆಲವು ಸಲ ಬರೀ ಏರ್ ಫಿಲ್ಟರ್ ಕಟ್ಟಿರುತ್ತದೆ. ರೇಡಿಯೇಟರ್ ನೀರಿನಲ್ಲಿ ಜಿಡ್ಡು, ಅಥವಾ ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಬೋರ್ ಮಾಡಿಸಿದ ಬಿಲ್ ಕೇಳಿ. ಕ್ಲಚ್ ನೋಡಲು ಹ್ಯಾಂಡ್‌ಬ್ರೇಕ್ ಎಳೆದು ಟಾಪ್ ಗೇರ್ ಹಾಕಿ ನಿಧಾನಕ್ಕೆ ಪೆಡಲ್ ಬಿಡಿ. ಇಂಜಿನ್ ಬಂದ್ ಬಿದ್ದರೆ ಕ್ಲಚ್ ಪ್ಲೇಟ್ ಹಿಡಿಯುತ್ತಿದೆ.

ಸಾಗರದವನು, ಈಗ ಊರಲ್ಲೇ

ಪಾನ ಅಣ್ಣನ ಮಾತಿಗೆ ಒಂದು ಸೇರಿಸುತ್ತೇನೆ. ನಾನು ಅಮೆರಿಕದ ಒಹಾಯೋದಲ್ಲಿ ಎಂಟು ವರ್ಷ ಇದ್ದೆ. ಅಲ್ಲಿ ಪಿಕಪ್ ಅಂದರೆ ಫೋರ್ಡ್ ಎಫ್-150, ಶೆವ್ರೊಲೆ ಸಿಲ್ವರಾಡೊ ತರದ ಭಾರೀ ಗಾಡಿ, ಹೆಚ್ಚಿನವು ಪೆಟ್ರೋಲ್ ವಿ8. ಹಳೇ ಪಿಕಪ್ ತಗೊಳ್ಳುವವರು ಅಲ್ಲೂ ಹೀಗೇ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ಒಂದೊಂದು ಇಂಜಿನ್‌ಗೆ ಒಂದೊಂದು ಕಾಯಿಲೆ. ಫೋರ್ಡ್‌ನ ಹಳೇ 5.4 ಲೀಟರ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಹಿಡಿಯುವ ತಿರುಪಿನ ಸುತ್ತು (ಥ್ರೆಡ್) ಕಡಿಮೆ, ಪ್ಲಗ್ಗೇ ಹಾರಿ ಹೊರಗೆ ಬರುತ್ತಿತ್ತು. 2004ರಿಂದ 2008ರ ಎಫ್-150ಗೆ ಬಂದ, ಸಿಲಿಂಡರ್‌ಗೆ ಮೂರು ವಾಲ್ವ್ ಇರುವ 5.4ರಲ್ಲಿ ಅದಕ್ಕೆ ಉಲ್ಟಾ. ಎರಡು ತುಂಡು ಸೇರಿಸಿ ಮಾಡಿದ ಪ್ಲಗ್ ಮಸಿ ಹಿಡಿದು ಹೆಡ್‌ನಲ್ಲೇ ಕಚ್ಚಿಕೊಂಡು, ಬಿಚ್ಚುವಾಗ ಮುರಿಯುತ್ತಿತ್ತು.

ಆದರೆ ಹಿಮ ಬೀಳುವ ರಾಜ್ಯಗಳಲ್ಲಿ ಎಲ್ಲ ಗಾಡಿಗೂ ಒಂದೇ ಶತ್ರು. ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ತಳವನ್ನು ತಿನ್ನುತ್ತದೆ. ಟೊಯೊಟಾ ಕಂಪನಿ 2000ದಿಂದ 2003ರ ಟಂಡ್ರಾ ಪಿಕಪ್‌ಗಳನ್ನು ಚಾಸಿ ತುಕ್ಕಿನ ಕಾರಣಕ್ಕೇ ವಾಪಸ್ ಕರೆಸಿಕೊಂಡಿತ್ತು.

ನನ್ನ ಹತ್ತಿರ ಒಂದು ಹಳೇ ಪಿಕಪ್ ಇತ್ತು. ಒಂದು ಬೆಳಿಗ್ಗೆ ಮನೆ ಮುಂದೆಯೇ ರಿವರ್ಸ್ ತೆಗೆಯುತ್ತಾ ಬ್ರೇಕ್ ಒತ್ತಿದೆ. ಪೆಡಲ್ ನೆಲಕ್ಕೆ ಹೋಯಿತು. ಚಾಸಿ ಪಕ್ಕ ಹಿಂದಕ್ಕೆ ಹೋಗುವ ಉಕ್ಕಿನ ಬ್ರೇಕ್ ಪೈಪ್ ತುಕ್ಕು ತಿಂದು ಒಡೆದಿತ್ತು. ಹತ್ತು ನಿಮಿಷದ ಹಿಂದೆ ನನ್ನ ಮಗಳು ಆ ಜಾಗದಲ್ಲೇ ಹಿಮದಲ್ಲಿ ಆಡುತ್ತಿದ್ದಳು. ಈಗಲೂ ನೆನಪಾದರೆ ಹೊಟ್ಟೆ ತಳಮಳಿಸುತ್ತದೆ. ಚಾಸಿ ತಟ್ಟುವಾಗ ದಯವಿಟ್ಟು ಆ ಪೈಪ್ ಉದ್ದಕ್ಕೂ ಬೆರಳು ಆಡಿಸಿ. ನುಣ್ಣಗಿರಬೇಕು. ಉಬ್ಬಿ ಒರಟಾಗಿದ್ದರೆ, ಕ್ಲಿಪ್ ಇರುವ ಜಾಗದಲ್ಲಿ ಪದರ ಎದ್ದಿದ್ದರೆ ಪೈಪನ್ನೇ ಬದಲಿಸಿ.

ಮಲ್ನಾಡ್ ಅಕ್ಕ, ರಿಪ್ಪನ್‌ಪೇಟೆ

ನಮ್ಮ ಮನೆಯಲ್ಲಿ ಎರಡು ಗೂಡ್ಸ್ ಗಾಡಿ ಇವೆ, ಕಾಗದಪತ್ರ ಎಲ್ಲ ನಾನೇ ನೋಡಿಕೊಳ್ಳುವುದು. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. 2011ರದ್ದು ಅಂದರೆ ಅದರ ಖರ್ಚು ಪ್ರತಿ ವರ್ಷದ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಆರ್‌ಸಿಯಲ್ಲಿ ಫೈನಾನ್ಸ್‌ನವರ ಹೆಸರು ಇನ್ನೂ ಇದೆಯಾ ನೋಡಿ. ಸಾಲ ತೀರಿಸಿದ್ದೇವೆ ಅಂದರೆ ಸಾಲದು, ಫಾರಂ 35 ಕೊಟ್ಟು ಆ ಹೆಸರು ತೆಗೆಸಿರಬೇಕು. ಒಟ್ಟು ತೂಕ 3,000 ಕೆಜಿ ದಾಟದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ. ಲೋಡ್ ಸೇರಿ ಎಷ್ಟು ಅಂತ ಆರ್‌ಸಿಯಲ್ಲೇ ಬರೆದಿರುತ್ತದೆ. ಲೈಸೆನ್ಸ್ ಚಿಂತೆ ಬೇಡ, 7,500 ಕೆಜಿ ಒಳಗಿನ ಗಾಡಿಗೆ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಮತ್ತೆ ತಮ್ಮಾ, ಕೆಲಸದವರನ್ನು ಹಿಂದೆ ಕೂರಿಸಬೇಡಿ. ಎಲ್ಲರೂ ಕೂರಿಸುತ್ತಾರೆ ಅಂತ ನೀವೂ ಮಾಡಬೇಡಿ.

ತೋಟದಮನೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಹೋಗಿದ್ದೆ. ಏನಾಯಿತು ಅಂತ ಬರೆಯುತ್ತೇನೆ, ಬೇರೆಯವರಿಗೂ ಉಪಯೋಗ ಆಗಬಹುದು.

ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿದ್ದೆ. ಆದರೂ ಹೋಗಿ ಮುಟ್ಟಿದರೆ ಇಂಜಿನ್ ಬಿಸಿ ಇತ್ತು. ಗೋಣಿಚೀಲ ಹಾಸಿ ಕೆಳಗೆ ಮಲಗಿದೆ. ಕ್ಯಾಬಿನ್ ಹಿಂದೆ ಠಣ್ ಠಣ್ ಅಂತಲೇ ಇತ್ತು, ಸ್ವಲ್ಪ ಖುಷಿಯೂ ಆಯಿತು. ಎಡಗಡೆ ಹಿಂದಿನ ಹ್ಯಾಂಗರ್ ಹತ್ತಿರ ಬಂದಾಗ ಸದ್ದು ಬದಲಾಯಿತು. ಪಾನ ಅಣ್ಣ ಹೇಳಿದ್ದು ಸರಿ, ಹಲಸಿನಕಾಯಿಯದೇ ಸದ್ದು. ಸ್ಕ್ರೂಡ್ರೈವರ್ ಊರಿದೆ. ಮೊದಲು ಕಪ್ಪು ಕೋಟಿಂಗ್ ಮೇಣದ ಹಾಗೆ ಎದ್ದು ಬಂತು, ಆಮೇಲೆ ತುದಿ ಒಳಗೇ ಹೋಯಿತು. ಕೆಂಪು ಪುಡಿ ಮುಖದ ಮೇಲೆ ಉದುರಿತು, ಬಾಯಿಗೂ ಹೋಯಿತು. ಬಲಗಡೆ ಹ್ಯಾಂಗರ್ ಪಕ್ಕ ಹಳೇ ವೆಲ್ಡಿಂಗ್ ಗುರುತು, ಅದರ ಮೇಲೂ ಕೋಟಿಂಗ್.

ಬ್ರೇಕ್ ಪರೀಕ್ಷೆಯಲ್ಲಿ ಪೆಡಲ್ ಒಂದು ನೂಲೂ ಇಳಿಯಲಿಲ್ಲ. ರಬ್ಬರ್ ಮ್ಯಾಟ್ ಎತ್ತಲು ಅವರು ಒಪ್ಪಲಿಲ್ಲ, ಅಂಟಿಸಿದ್ದೇವೆ ಅಂದರು. ಮೀನಿನ ಲೋಡ್ ಹೊಡೆಯುತ್ತಿತ್ತಾ ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ. ಕೈ ಮುಗಿದು ವಾಪಸ್ ಬಂದೆ.

ಅಪ್ಪನಿಗೆ ಎಲ್ಲ ಹೇಳಿದೆ. ಅವರು ಇಷ್ಟು ದಿನ ಗಾಡಿಯೇ ಬೇಡ ಅನ್ನುತ್ತಿದ್ದವರು. ಇವತ್ತು ತಾವೇ ಕೊಪ್ಪದ ಹತ್ತಿರ ಪರಿಚಯದವರ ಗಾಡಿ ಒಂದು ಇದೆ ಅಂದರು. ಕೆಎ 18, 2012ರದ್ದು, 2,10,000 ಓಡಿದೆ. ಒಬ್ಬರೇ ಓನರ್, ಸ್ವಂತ ಕಾಫಿ ತೋಟದ ಕೆಲಸಕ್ಕೆ ಮಾತ್ರ. ತಳಕ್ಕೆ ಏನೂ ಬಳಿದಿಲ್ಲವಂತೆ, ಹೊರಗಡೆ ತುಕ್ಕು ಕಾಣುತ್ತದೆ ಅಂತ ಅವರೇ ಮೊದಲು ಹೇಳಿದರು. ಬರುವ ಭಾನುವಾರ ನೋಡಲು ಹೋಗುತ್ತೇನೆ. ಹೊರಗಡೆ ತುಕ್ಕು ಕಂಡರೆ ಬಿಟ್ಟುಬಿಡಬೇಕಾ?

ಹಳೇ ಪಾನ, ಶಿವಮೊಗ್ಗ

ನೀವು ವಾಪಸ್ ಬಂದದ್ದು ಓದಿ ನನಗೆ ನಿಜಕ್ಕೂ ಸಮಾಧಾನ ಆಯಿತು.

ಹೊರಗಿನ ತುಕ್ಕಿಗೆ ಹೆದರಬೇಡಿ. ತಂತಿ ಬ್ರಷ್‌ನಲ್ಲಿ ಉಜ್ಜಿ ನೋಡಿ. ಕೆಳಗೆ ಗಟ್ಟಿ ಕಬ್ಬಿಣ ಸಿಕ್ಕಿ ಠಣ್ ಅಂದರೆ ಅದು ಮೇಲಿನ ತುಕ್ಕು ಅಷ್ಟೇ. ಬೇಸಿಗೆಯಲ್ಲಿ ಉಜ್ಜಿಸಿ, ರೆಡ್ ಆಕ್ಸೈಡ್ ಹೊಡೆಸಿ, ಮೇಲೆ ಬಣ್ಣ ಕೊಟ್ಟರೆ ಎಷ್ಟೋ ವರ್ಷ ಬರುತ್ತದೆ. ಪದರ ಪದರ ಎದ್ದರೆ ಮಾತ್ರ ಬೇಡ. ತೋಟದ ಗಾಡಿ ಆದ್ದರಿಂದ ಮೊದಲ ಗೇರ್, ರಿವರ್ಸ್ ಗೇರ್ ಜಾಸ್ತಿ ಕೆಲಸ ಮಾಡಿರುತ್ತವೆ. ಏರಿನಲ್ಲಿ ರಿವರ್ಸ್ ಹಾಕಿ ಗೇರ್ ಹಾರುತ್ತದಾ ನೋಡಬೇಕು. ಬಾನೆಟ್ ಒಳಗೆ ಇಲಿ ವೈರ್ ಕಡಿದಿದೆಯಾ ಅಂತಲೂ ನೋಡಬೇಕು, ತೋಟದ ಕೊಟ್ಟಿಗೆಯಲ್ಲಿ ನಿಲ್ಲುವ ಗಾಡಿಗೆ ಅದು ತಪ್ಪಿದ್ದಲ್ಲ.

ಭಾನುವಾರ ನನಗೂ ಬಿಡುವಿದೆ. ಮೊದಲ ಬಸ್ಸಿಗೆ ತೀರ್ಥಹಳ್ಳಿಗೆ ಬರುತ್ತೇನೆ, ಬಸ್ ಸ್ಟ್ಯಾಂಡ್‌ನಲ್ಲಿ ಸಿಗಿ, ಜೊತೆಗೇ ಹೋಗೋಣ. ತಂತಿ ಬ್ರಷ್ ನಾನು ತರುತ್ತೇನೆ. ಗೋಣಿಚೀಲ ಎರಡು ತನ್ನಿ.